ಓಡುವ ಕಾಲಿಗೆ ಶೂ ಒಂದೇ ಸಾಕೇ?

ಮಳೆಗಾಲ ಮುಗಿಯಿತೆಂದರೆ ಬಾಂದ್ರಾದ ಕಾರ್ಟರ್ ರೋಡ್, ಬ್ಯಾಂಡ್‌ಸ್ಟ್ಯಾಂಡ್‌ಗಳಲ್ಲಿ ಬೆಳಕು ಹರಿಯುವ ಮುನ್ನವೇ ಓಟಗಾರರ ಸಾಲು. ಜನವರಿಯ ಮುಂಬಯಿ ಮ್ಯಾರಥಾನ್ ಎದುರಿಗಿದೆಯಲ್ಲ! 2004ರಲ್ಲಿ ಆರಂಭವಾದ ಈ ಓಟದಲ್ಲಿ ಸೀ ಲಿಂಕನ್ನು ಕಾಲಲ್ಲೇ ದಾಟುವ ಆಸೆ ಹಲವರದು. ಉಳಿದ ದಿನ ಅಲ್ಲಿ ಪಾದಚಾರಿಗಳಿಗೆ ಪ್ರವೇಶವಿಲ್ಲ. ಆದರೆ ಡಿಸೆಂಬರ್ ಹೊತ್ತಿಗೆ ಇವರಲ್ಲಿ ಕೆಲವರು ಹಿಮ್ಮಡಿ ಹಿಡಿದುಕೊಂಡು ಮನೆಯಲ್ಲಿ ಕೂತಿರುತ್ತಾರೆ.

ಹೊಸಬರ ಮೊದಲ ಓಟ ಲಿಂಕಿಂಗ್ ರೋಡಿನ ಶೂ ಅಂಗಡಿಗೆ! ಚಪ್ಪಟೆ ಪಾದಕ್ಕೆ ಒಂದು, ಕಮಾನು ಪಾದಕ್ಕೆ ಇನ್ನೊಂದು ಎಂಬ ಉಪದೇಶ ಅಲ್ಲಿ ಸಿಗುತ್ತದೆ. 2009-10ರಲ್ಲಿ ಪ್ರಕಟವಾದ ಅಮೆರಿಕದ ಸೇನಾ ತರಬೇತಿಯ ಅಧ್ಯಯನಗಳಲ್ಲಿ ಹೀಗೆ ಪಾದ ನೋಡಿ ಶೂ ಕೊಟ್ಟಿದ್ದರಿಂದ ಗಾಯಗಳೇನೂ ಕಡಿಮೆಯಾಗಲಿಲ್ಲ. ಹಾಕಿಕೊಂಡಾಗ ಹಿತವಾಗಿರುವುದೇ ನಿಮ್ಮ ಶೂ. ಸಂಜೆ ಹೊತ್ತು ಪಾದ ತುಸು ಊದಿರುತ್ತದೆ, ಆಗಲೇ ಕೊಳ್ಳಿ. ಬೆರಳ ತುದಿಗೂ ಶೂಗೂ ನಡುವೆ ಹೆಬ್ಬೆರಳಿನಷ್ಟು ಜಾಗವಿರಲಿ. ಇಲ್ಲದಿದ್ದರೆ ಉಗುರು ಕಪ್ಪಾಗುವುದು ಖಚಿತ.

ಶೂ ಬೇಡವೇ ಬೇಡ ಎನ್ನುವವರೂ ಇದ್ದಾರೆ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಅಬೆಬೆ ಬಿಕಿಲಾ ಬರಿಗಾಲಲ್ಲೇ ಮ್ಯಾರಥಾನ್ ಗೆದ್ದರು. ನಮ್ಮ ಮಿಲಿಂದ್ ಸೋಮನ್ ಓಡುವುದೂ ಬರಿಗಾಲಲ್ಲೇ. ಕರಾವಳಿಯ ಕಂಬಳದಲ್ಲಿ ಕೋಣಗಳ ಹಿಂದೆ ಓಡುವವರಿಗೂ ಶೂ ಇಲ್ಲ. 2020ರಲ್ಲಿ ಶ್ರೀನಿವಾಸ ಗೌಡರ ಓಟ ದೇಶಕ್ಕೆಲ್ಲ ಸುದ್ದಿಯಾಯಿತು. ಆದರೆ ಅದು ಕೆಸರುಗದ್ದೆ, ಕಾರ್ಟರ್ ರೋಡಿನ ಕಾಂಕ್ರೀಟಲ್ಲ! ಅಲ್ಲದೆ ಬರಿಗಾಲಿನವರು ಸಾಮಾನ್ಯವಾಗಿ ಪಾದದ ಮುಂಭಾಗ ಊರುತ್ತಾರೆ. ಆಗ ಹಿಮ್ಮಡಿಯ ಪೆಟ್ಟು ತಗ್ಗುತ್ತದೆ ನಿಜ, ಆ ಭಾರ ಮೀನಖಂಡಕ್ಕೂ ಹಿಮ್ಮಡಿಯ ಹಿಂದಿನ ಸ್ನಾಯುರಜ್ಜುವಿಗೂ ಬೀಳುತ್ತದೆ. ವರ್ಷಗಟ್ಟಲೆ ಶೂ ತೊಟ್ಟ ಕಾಲು ಇದನ್ನು ಒಂದೇ ವಾರದಲ್ಲಿ ಕಲಿಯಲಾರದು.

ನನ್ನ ಪ್ರಕಾರ ಶೂಗಿಂತ ದೊಡ್ಡ ವಿಷಯ ಆತುರ. ಓಡುವಾಗ ಪ್ರತಿ ಹೆಜ್ಜೆಗೂ ದೇಹತೂಕದ ಎರಡು-ಮೂರು ಪಟ್ಟು ಹೊರೆ ಪಾದದ ಮೇಲೆ ಬೀಳುತ್ತದೆ. ಅರುವತ್ತು ಕಿಲೋ ತೂಗುವವರಿಗೆ ನೂರಿಪ್ಪತ್ತರಿಂದ ನೂರೆಂಬತ್ತು ಕಿಲೋ, ಅದೂ ಕಿಲೋಮೀಟರಿಗೆ ಸಾವಿರದಷ್ಟು ಹೆಜ್ಜೆ! ಎದೆ, ಉಸಿರು ಕೆಲವೇ ವಾರಗಳಲ್ಲಿ ಪಳಗುತ್ತವೆ. ಮೂಳೆ, ಸ್ನಾಯುರಜ್ಜು ಗಟ್ಟಿಯಾಗಲು ತಿಂಗಳುಗಳೇ ಬೇಕು. ಉಸಿರು ಸಾಕೆನ್ನುವುದಿಲ್ಲ, ನಾವು ಭಾನುವಾರದ ಐದು ಕಿಲೋಮೀಟರನ್ನು ಹತ್ತು ಮಾಡುತ್ತೇವೆ. ಎಡವಟ್ಟಾಗುವುದು ಇಲ್ಲೇ. ದೂರವನ್ನು ಸ್ವಲ್ಪಸ್ವಲ್ಪವೇ ಏರಿಸಿ, ನಡುವೆ ಒಂದು ಹಗುರ ವಾರ ಇಟ್ಟುಕೊಳ್ಳಿ.

ಓಡುವ ಭಂಗಿಯಲ್ಲಿ ತಿದ್ದಿಕೊಳ್ಳಬೇಕಾದದ್ದು ಹೆಚ್ಚಿಲ್ಲ. ಕಾಲನ್ನು ತೀರ ಮುಂದಕ್ಕೆ ಚಾಚದೆ ದೇಹದ ಅಡಿಯಲ್ಲೇ ಊರಿ. ವೇಗ ಅಷ್ಟೇ ಇರಲಿ, ನಿಮಿಷದ ಹೆಜ್ಜೆಗಳನ್ನು ಶೇಕಡಾ 5ರಷ್ಟು ಹೆಚ್ಚಿಸಿ. ಮಂಡಿಯ ಮೇಲಿನ ಹೊರೆ ಇಳಿಯುತ್ತದೆ. ರಸ್ತೆಯ ಅಂಚು ಇಳಿಜಾರಾಗಿರುವುದರಿಂದ ದಿನವೂ ಒಂದೇ ಬದಿಯಲ್ಲಿ ಓಡಬೇಡಿ.

ಬೆಳಿಗ್ಗೆ ಹಾಸಿಗೆಯಿಂದಿಳಿದ ಮೊದಲ ಹೆಜ್ಜೆಗೇ ಹಿಮ್ಮಡಿ ಚುಚ್ಚಿದರೆ ಅಂಗಾಲಿನ ಪೊರೆ ನೊಂದಿದೆ ಎಂದರ್ಥ. ಓಟ ತಗ್ಗಿಸಿ, ಮೀನಖಂಡ ಚೆನ್ನಾಗಿ ಎಳೆದು ಬಿಡಿ, ಮನೆಯ ಟೈಲ್ಸ್ ಮೇಲೂ ಮೆತ್ತನೆಯ ಚಪ್ಪಲಿ ಹಾಕಿ. ಹೆಚ್ಚಿನವರಿಗೆ ಇಷ್ಟರಲ್ಲೇ ನಿಧಾನವಾಗಿ ವಾಸಿಯಾಗುತ್ತದೆ. ಆದರೆ ಪಾದದ ಮೂಳೆಯ ಮೇಲೆ ಬೆರಳಿಟ್ಟು ತೋರಿಸಬಹುದಾದ ಒಂದೇ ಜಾಗದಲ್ಲಿ ನೋವಿದ್ದು, ಓಡಿದಷ್ಟೂ ಹೆಚ್ಚಾದರೆ, ರಾತ್ರಿಯೂ ಕಾಡಿದರೆ, ಅದು ಮೂಳೆಯ ಸಣ್ಣ ಬಿರುಕಿರಬಹುದು. ಓಟ ಅಂದೇ ನಿಲ್ಲಿಸಿ ಮೂಳೆ ವೈದ್ಯರನ್ನು ಕಾಣಿ. ಎಕ್ಸ್‌ರೇಯಲ್ಲಿ ಏನೂ ಇಲ್ಲ ಎಂದೊಡನೆ ಮತ್ತೆ ಓಡಬೇಡಿ; ಇಂಥ ಬಿರುಕು ಮೊದಲ ಎರಡು-ಮೂರು ವಾರ ಎಕ್ಸ್‌ರೇಗೆ ಕಾಣದಿರಬಹುದು. ನೋವು ಉಳಿದಿದ್ದರೆ ಎಂಆರ್‌ಐ ಬೇಕೇ ಎಂದು ವೈದ್ಯರನ್ನೇ ಕೇಳಿ.