ಕರೆ ಬರುವವರೆಗೆ ಕಾದು ಕೂರಬೇಕೇ?

ನಿಮ್ಮ ಮನೆಯಲ್ಲಿ ಪದವಿ ಮುಗಿಸಿದ ಮಗಳೋ ತಂಗಿಯೋ ಇದ್ದರೆ ಈ ದೃಶ್ಯ ನಿಮಗೆ ಹೊಸದಲ್ಲ. ಆಕೆ ಸಂದರ್ಶನಕ್ಕೆ ಹೋಗಿ ಬಂದಿದ್ದಾಳೆ. "ಚೆನ್ನಾಗಿ ಮಾಡಿದ್ದೀರಿ, ಫೋನ್ ಮಾಡುತ್ತೇವೆ" ಎಂದು ಹೇಳಿ ಕಳುಹಿಸಿದ್ದಾರೆ. ಅಂದಿನಿಂದ ಮೊಬೈಲ್ ಅವಳ ಕೈ ಬಿಟ್ಟಿಲ್ಲ. ರೊಟ್ಟಿ ತಟ್ಟುವಾಗಲೂ ಪಕ್ಕದಲ್ಲಿ ಅದು ಇರಬೇಕು. ಈ ನಡುವೆ ಇನ್ನೊಂದು ಕಡೆಯಿಂದ ಸಂದರ್ಶನಕ್ಕೆ ಕರೆ ಬರುತ್ತದೆ. ಹೋಗಬೇಕೇ, ಬೇಡವೇ?

ಈ ಪ್ರಶ್ನೆಗೆ ನಾನು ಒಮ್ಮೆ ತಪ್ಪು ಉತ್ತರ ಕೊಟ್ಟಿದ್ದೆ. ಸುಮಾರು ಇಪ್ಪತ್ತು ವರ್ಷಗಳ ಹಿಂದಿನ ಮಾತು. ಮದ್ರಸ ಶಿಕ್ಷಣದ ಜೊತೆಗೆ ಬಿ.ಎ. ಪದವಿಯನ್ನೂ ಪಡೆದು ಶಿಕ್ಷಕಿಯಾಗುವ ಆಸೆಯಿಂದ ಹೊರಟಿದ್ದೆ. ಎಪ್ರಿಲ್ ಕೊನೆಯಲ್ಲಿ ಒಂದು ಖಾಸಗಿ ಶಾಲೆಯಲ್ಲಿ ಸಂದರ್ಶನವಾಯಿತು. "ನೀವು ಬಂದಂತೆಯೇ ಎಂದು ತಿಳಿದುಕೊಳ್ಳಿ" ಎಂದರು ಸಂಚಾಲಕರು. ಮನೆಗೆ ಬಂದು ಹೇಳಿದ್ದೇ ತಡ, ಅಮ್ಮ ನೆರೆಮನೆಗೆಲ್ಲ ಸಿಹಿ ಹಂಚಿಬಿಟ್ಟರು. ಕೂಸು ಹುಟ್ಟುವ ಮುನ್ನ ಕುಲಾವಿ!

ಮೇ ತಿಂಗಳ ಮಧ್ಯದಲ್ಲಿ ಇನ್ನೊಂದು ಶಾಲೆಯವರು ಕರೆದರು. ನಾನು ಹೋಗಲಿಲ್ಲ. "ಒಂದು ಕಡೆ ಒಪ್ಪಿಕೊಂಡು ಇನ್ನೊಂದು ಬಾಗಿಲು ತಟ್ಟುವುದು ವಚನಭಂಗ" ಎಂದು ಅಬ್ಬಾನ ಮುಂದೆ ವಾದಿಸಿದೆ. ಅವರು ನಕ್ಕು, "ಮಗಳೇ, ಅವರು ವಚನ ಎಲ್ಲಿ ಕೊಟ್ಟಿದ್ದಾರೆ? ಒಳ್ಳೆಯ ಮಾತು ಆಡಿದ್ದಾರೆ, ಅಷ್ಟೇ" ಎಂದರು. ನಾನು ಕೇಳಲಿಲ್ಲ. ಶಾಲೆ ಆರಂಭವಾದರೂ ಕರೆ ಬರಲಿಲ್ಲ. ಹೋಗಿ ವಿಚಾರಿಸಿದಾಗ "ಆ ಜಾಗ ಭರ್ತಿಯಾಯಿತಲ್ಲ" ಎಂದರು. ಅಷ್ಟರಲ್ಲಿ ಎರಡನೆಯ ಶಾಲೆಯಲ್ಲೂ ಬೇರೊಬ್ಬರು ಸೇರಿಯಾಗಿತ್ತು.

ಹೋದದ್ದು ಒಂದು ವರ್ಷದ ಸಂಬಳ ಮಾತ್ರವಲ್ಲ. ಮಗ ಕೆಲಸವಿಲ್ಲದೆ ಮನೆಯಲ್ಲಿದ್ದರೆ "ಹುಡುಕುತ್ತಿದ್ದಾನೆ" ಎನ್ನುತ್ತೇವೆ. ಮಗಳು ಕೂತರೆ "ಎಲ್ಲೂ ಸಿಗಲಿಲ್ಲ, ಇನ್ನು ಸಾಕು" ಎನ್ನುತ್ತೇವೆ. ಆ ವರ್ಷ ನನ್ನ ಬಗ್ಗೆಯೂ ಈ ಮಾತು ಬಂತು. ಅಬ್ಬಾ ಗಟ್ಟಿಯಾಗಿ ನಿಂತದ್ದರಿಂದ ಮರುವರ್ಷ ಮತ್ತೆ ಅರ್ಜಿ ಹಾಕಲು ಸಾಧ್ಯವಾಯಿತು. ಎಲ್ಲ ಹೆಣ್ಣುಮಕ್ಕಳಿಗೂ ಆ ಎರಡನೆಯ ಅವಕಾಶ ಸಿಗುವುದಿಲ್ಲ.

ಪಟ್ಟಿಯಲ್ಲಿ ಹೆಸರಿದ್ದರೂ...

ಬಾಯಿ ಮಾತು ಹಾಗಿರಲಿ, ಅಚ್ಚಾದ ಪಟ್ಟಿಯೂ ಕೆಲಸವಲ್ಲ. ನಮ್ಮ ರಾಜ್ಯದಲ್ಲಿ 6ರಿಂದ 8ನೇ ತರಗತಿಯ 15,000 ಶಿಕ್ಷಕರ ನೇಮಕಾತಿಗೆ 2022ರ ನವೆಂಬರ್‌ನಲ್ಲಿ ತಾತ್ಕಾಲಿಕ ಆಯ್ಕೆ ಪಟ್ಟಿ ಪ್ರಕಟವಾಯಿತು. ಅದರಲ್ಲಿ 13 ಸಾವಿರಕ್ಕೂ ಹೆಚ್ಚು ಹೆಸರುಗಳಿದ್ದವು. ವಿವಾಹಿತ ಮಹಿಳೆಯರು ಜಾತಿ-ಆದಾಯ ಪ್ರಮಾಣಪತ್ರವನ್ನು ತಂದೆಯ ಹೆಸರಿನಲ್ಲಿ ಕೊಡಬೇಕೇ, ಗಂಡನ ಹೆಸರಿನಲ್ಲಿ ಕೊಡಬೇಕೇ ಎಂಬ ವಿವಾದ ಹೈಕೋರ್ಟ್ ಮೆಟ್ಟಿಲೇರಿತು. 2023ರ ಜನವರಿಯಲ್ಲಿ ಆ ಪಟ್ಟಿಯೇ ರದ್ದಾಯಿತು. ಮೇಲ್ಮನವಿ ಇತ್ಯರ್ಥವಾಗುವವರೆಗೆ ಹೆಸರು ಬಂದವರೂ ಬಾರದವರೂ ತಿಂಗಳುಗಟ್ಟಲೆ ಕಾದರು. ಆಯ್ಕೆ ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ನೇಮಕಾತಿಯ ಹಕ್ಕು ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿದೆ.

ಖಾಸಗಿ ಕಂಪೆನಿಗಳಲ್ಲೂ ಇದೇ ಕಥೆ. 2022ರಲ್ಲಿ ಇನ್ಫೋಸಿಸ್‌ನಿಂದ ಆಫರ್ ಲೆಟರ್ ಪಡೆದ ಅನೇಕ ಇಂಜಿನಿಯರಿಂಗ್ ಪದವೀಧರರಿಗೆ ಕೆಲಸಕ್ಕೆ ಸೇರುವ ದಿನ ನಿಗದಿಯಾದದ್ದು 2024ರ ಅಕ್ಟೋಬರ್‌ಗೆ. 2023ರ ಫೆಬ್ರವರಿಯಲ್ಲಿ ವಿಪ್ರೋ, ವರ್ಷಕ್ಕೆ 6.5 ಲಕ್ಷ ರೂಪಾಯಿಯ ಆಫರ್ ಹಿಡಿದು ಕಾಯುತ್ತಿದ್ದ ಹೊಸಬರನ್ನು 3.5 ಲಕ್ಷಕ್ಕೆ ಸೇರುವಿರಾ ಎಂದು ಕೇಳಿತು. ಬೇರೆ ದಾರಿ ನೋಡಿಟ್ಟುಕೊಂಡವರು ಯೋಚಿಸಿ ಉತ್ತರಿಸಬಹುದಿತ್ತು. ಬರಿಗೈಯಲ್ಲಿ ಕಾದವರಿಗೆ ಆಯ್ಕೆ ಎಲ್ಲಿತ್ತು?

ವಚನ ಯಾವಾಗ ಆರಂಭ?

ಮಾಡಿಕೊಂಡ ಕರಾರನ್ನು ಪಾಲಿಸಬೇಕೆಂದು ಪವಿತ್ರ ಕುರ್‌ಆನ್ ಆದೇಶಿಸುತ್ತದೆ. ಆದರೆ ಕರಾರು ಆಗಬೇಕಾದರೆ ಎರಡೂ ಕಡೆಯವರು ಒಪ್ಪಿರಬೇಕು. "ತಿಳಿಸುತ್ತೇವೆ" ಎಂದವರು ನಿಮಗೆ ಕಟ್ಟುಬಿದ್ದಿಲ್ಲ. ಒಂದು ಹುದ್ದೆಗೆ ನಾಲ್ಕಾರು ಜನರನ್ನು ನೋಡುವುದು ಅವರ ಹಕ್ಕಾದರೆ, ನಾಲ್ಕು ಕಡೆ ಸಂದರ್ಶನಕ್ಕೆ ಹೋಗುವುದು ನಿಮ್ಮ ಹಕ್ಕು. ಇದರಲ್ಲಿ ಮೋಸವಿಲ್ಲ. ಪ್ರಯತ್ನ ಬಿಟ್ಟು ಕೂರುವುದು ತವಕ್ಕುಲ್ ಕೂಡಾ ಅಲ್ಲ. ಒಂಟೆಯನ್ನು ಕಟ್ಟಿ ನಂತರ ಅಲ್ಲಾಹನ ಮೇಲೆ ಭರವಸೆ ಇಡಬೇಕೆಂಬ ಪ್ರವಾದಿ(ಸ)ರ ಬೋಧನೆ ನಮಗೆಲ್ಲ ತಿಳಿದದ್ದೇ.

ಆದ್ದರಿಂದ ಮಗಳಿಗೆ ಈ ಕೆಲವು ಮಾತುಗಳನ್ನು ಹೇಳಿಕೊಡಿ. ಸಂದರ್ಶನ ಮುಗಿಸಿ ಏಳುವ ಮೊದಲು "ಯಾವಾಗ ತಿಳಿಸುತ್ತೀರಿ? ಆ ದಿನ ದಾಟಿದರೆ ನಾನೇ ಫೋನ್ ಮಾಡಬಹುದೇ?" ಎಂದು ವಿನಯದಿಂದ ಕೇಳಲಿ. ಬೇರೆ ಕಡೆ ಪ್ರಯತ್ನಿಸುತ್ತಿದ್ದೀರಾ ಎಂದು ಕೇಳಿದರೆ ಹೌದೆನ್ನಲಿ, ಸುಳ್ಳು ಬೇಡ. ಎರಡನೆಯವರು ಮೊದಲು ಕೆಲಸ ಕೊಟ್ಟರೆ ಎರಡು ದಿನ ಸಮಯ ಕೇಳಿ, ಮೊದಲಿನವರಿಗೆ ಫೋನ್ ಮಾಡಲಿ. ಆಗಲೂ ಅವರು "ನೋಡೋಣ" ಎಂದರೆ ಕೈಗೆ ಬಂದದ್ದನ್ನು ಹಿಡಿಯಲಿ. ನೇಮಕಾತಿ ಪತ್ರದಲ್ಲಿ ಹುದ್ದೆ, ಸಂಬಳ, ಸೇರುವ ದಿನ ಇವು ಮೂರೂ ಇವೆಯೇ ಎಂದು ಓದಿ ನೋಡಲಿ. ಅದು ಕೈಸೇರುವ ಮೊದಲು ಈಗಿರುವ ಕೆಲಸಕ್ಕೆ ರಾಜೀನಾಮೆ ಬೇಡ. ಮೂಲ ಅಂಕಪಟ್ಟಿಗಳನ್ನು ತೋರಿಸಲಿ, ಅಲ್ಲೇ ಬಿಟ್ಟು ಬರುವುದು ಬೇಡ. ಜೆರಾಕ್ಸ್ ಪ್ರತಿ ಕೊಟ್ಟರೆ ಸಾಕು.

ಆದರೆ ಒಮ್ಮೆ "ಒಪ್ಪಿದೆ, ಬರುತ್ತೇನೆ" ಎಂದ ಮೇಲೆ ಅದು ವಚನ. ಆಗ ಹುಡುಕಾಟ ನಿಲ್ಲಿಸಿ, ಉಳಿದವರಿಗೆಲ್ಲ ತಿಳಿಸಬೇಕು. ಅನಿವಾರ್ಯ ಕಾರಣದಿಂದ ಹೋಗಲಾಗದಿದ್ದರೆ, ಸೇರುವ ದಿನದ ಬೆಳಿಗ್ಗೆ ಫೋನ್ ಆರಿಸಿ ಕೂರದೆ ಮೊದಲೇ ಹೇಳಬೇಕು. ನಿಮ್ಮನ್ನು ನಂಬಿ ಅವರು ಇನ್ನೊಬ್ಬಳನ್ನು ವಾಪಸು ಕಳುಹಿಸಿರಬಹುದು. ಅವಳೂ ಯಾರದೋ ಮನೆಯಲ್ಲಿ ಮೊಬೈಲ್ ಹಿಡಿದು ಕೂತಿರುವ ಮಗಳೇ.

ತಾಯಂದಿರಿಗೆ ಕೊನೆಯದಾಗಿ ಒಂದು ವಿನಂತಿ. ಎರಡನೆಯ, ಮೂರನೆಯ ಸಂದರ್ಶನಕ್ಕೆ ಮಗಳು ಹೊರಟಾಗ "ಮತ್ತೆ ಎಲ್ಲಿಗೆ?" ಎಂದು ಕೇಳಬೇಡಿ. ಬಸ್ಸಿನ ದುಡ್ಡು ಕೈಗಿಟ್ಟು, ದುಆ ಮಾಡಿ ಕಳುಹಿಸಿ. ನೇಮಕಾತಿ ಪತ್ರ ಬಂದ ದಿನ ಸಿಹಿ ಹಂಚೋಣ.