ಸರಕಾರದ ಖಾತರಿ ಬ್ಯಾಂಕಿಗೆ, ಸಾಲ ಮಾತ್ರ ನಮ್ಮದೇ

ಹೋಟೆಲಿನ ರುಚಿಯನ್ನು ಪ್ಯಾಕೆಟ್‌ನಲ್ಲಿ ಕಟ್ಟಿ ಮಾರುವುದು ನಮ್ಮ ಉದ್ಯಮಕ್ಕೆ ಹೊಸದಲ್ಲ. 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಮಾವಳ್ಳಿ ಟಿಫಿನ್ ರೂಮ್, 1975ರ ತುರ್ತು ಪರಿಸ್ಥಿತಿಯಲ್ಲಿ ಹೋಟೆಲ್ ತಿಂಡಿಗಳ ಬೆಲೆಯನ್ನು ಸರಕಾರ ತೀರಾ ಇಳಿಸಿದಾಗ ನಷ್ಟ ತಾಳಲಾರದೆ ಪೊಟ್ಟಣದ ತಿಂಡಿಮಿಶ್ರಣಗಳತ್ತ ತಿರುಗಿತು. ಎಂಟಿಆರ್ ಎಂಬ ದೊಡ್ಡ ಹೆಸರು ಬೆಳೆದದ್ದು ಆ ಕಷ್ಟದಿಂದಲೇ.

ನಾಗಪುರದಲ್ಲಿ ಹೋಟೆಲ್ ನಡೆಸುವವರಿಗೂ ಇಂಥ ದಾರಿ ತೆರೆದಿದೆ. ಅಡುಗೆಮನೆಯ ಹಿಂದೆ ರುಬ್ಬಿದ ದೋಸೆ ಹಿಟ್ಟು, ಸಾಂಬಾರು ಪುಡಿ, ಚಟ್ನಿಪುಡಿಗಳಿಗೆ ಅಂಗಡಿಗಳಿಂದ ಬೇಡಿಕೆ ಬಂದರೆ ಅಲ್ಲಿ ಜಾಗ ಸಾಲುವುದಿಲ್ಲ. ಹಿಂಗಣಾ ಅಥವಾ ಬುಟಿಬೋರಿ ಕೈಗಾರಿಕಾ ಪ್ರದೇಶದಲ್ಲಿ ಒಂದು ಶೆಡ್, ದೊಡ್ಡ ಗ್ರೈಂಡರ್, ಪ್ಯಾಕಿಂಗ್ ಮಷಿನ್, ಕೋಲ್ಡ್ ರೂಮ್ ಬೇಕಾಗುತ್ತದೆ. ಆಗ ನಮ್ಮವರು ಮೊದಲು ನೆನೆಯುವುದು ಊರಿನ ತೋಟದ ಪಹಣಿ, ಮನೆಯ ಪತ್ರ, ಮನೆಯವರ ಒಡವೆ. ಇವನ್ನು ಅಡವಿಡುವ ಮೊದಲು ಸರಕಾರದ ಖಾತರಿ ಇರುವ ಸಾಲದ ಬಗ್ಗೆ ತಿಳಿದುಕೊಳ್ಳುವುದು ಒಳ್ಳೆಯದು.

ಖಾತರಿ ಯಾರಿಗೆ?

ಕೇಂದ್ರ ಸರಕಾರ ಮತ್ತು ಸಿಡ್ಬಿ ಸೇರಿ 2000ದಲ್ಲಿ ಕಿರು ಮತ್ತು ಸಣ್ಣ ಉದ್ಯಮಗಳಿಗಾಗಿ ಸಾಲ ಖಾತರಿ ಟ್ರಸ್ಟ್ ಸ್ಥಾಪಿಸಿದವು. ಇದನ್ನೇ ಸಿಜಿಟಿಎಂಎಸ್‌ಇ ಎನ್ನುತ್ತಾರೆ. ಆಸ್ತಿ ಅಡಮಾನವಿಲ್ಲದೆ ಬ್ಯಾಂಕ್ ಕೊಟ್ಟ ಸಾಲದ ದೊಡ್ಡ ಪಾಲಿಗೆ ಟ್ರಸ್ಟ್ ಖಾತರಿ ನಿಲ್ಲುತ್ತದೆ. 2023ರ ಏಪ್ರಿಲ್‌ನಲ್ಲಿ 5 ಕೋಟಿ ರೂ.ಗೆ ಏರಿದ್ದ ಮಿತಿ 2025ರ ಏಪ್ರಿಲ್ 1ರಿಂದ 10 ಕೋಟಿ ರೂ. ಆಗಿದೆ. ಇದಕ್ಕೆ ವಾರ್ಷಿಕ ಶುಲ್ಕವಿದ್ದು, ಬ್ಯಾಂಕುಗಳು ಅದನ್ನು ಸಾಮಾನ್ಯವಾಗಿ ಸಾಲಗಾರರಿಂದಲೇ ವಸೂಲು ಮಾಡುತ್ತವೆ. ಸಣ್ಣ ಉದ್ಯಮಗಳ 10 ಲಕ್ಷ ರೂ.ವರೆಗಿನ ಸಾಲಕ್ಕೆ ಆಸ್ತಿ ಅಡಮಾನ ಕೇಳಬಾರದೆಂದು ರಿಸರ್ವ್ ಬ್ಯಾಂಕ್ 2010ರಲ್ಲೇ ಬ್ಯಾಂಕುಗಳಿಗೆ ಸೂಚಿಸಿತ್ತು.

ಇಲ್ಲಿ ನಾವು ಒತ್ತಿ ಹೇಳಬೇಕಾದ ಮಾತೊಂದಿದೆ. ಈ ಖಾತರಿ ಬ್ಯಾಂಕಿಗೆ, ನಮಗಲ್ಲ. ಕಂತು ನಿಂತು ಖಾತೆ ಕೆಟ್ಟರೆ ಟ್ರಸ್ಟ್ ಬ್ಯಾಂಕಿಗೆ ಹಣ ಕೊಡಬಹುದು. ಆದರೆ ಅದರಿಂದ ನಮ್ಮ ಸಾಲ ತೀರುವುದಿಲ್ಲ. ಬ್ಯಾಂಕಿನ ವಸೂಲಿ ನಡೆಯುತ್ತಲೇ ಇರುತ್ತದೆ, ಮುಂದೆ ಯಾವ ಬ್ಯಾಂಕಿಗೆ ಹೋದರೂ ಆ ದಾಖಲೆ ಎದುರು ಬರುತ್ತದೆ. "ಸರಕಾರದ ಸಾಲ, ಮುಂದೆ ಮನ್ನಾ ಆದೀತು" ಎಂಬ ಮಾತಿಗೆ ಯಾರೂ ಕಿವಿಗೊಡಬಾರದು.

ಸಹಾಯಧನದ ಲೆಕ್ಕ

ಕಿರು ಆಹಾರ ತಯಾರಿಕಾ ಘಟಕಗಳಿಗಾಗಿ 2020ರ ಜೂನ್‌ನಲ್ಲಿ ಆರಂಭವಾದ ಪಿಎಂಎಫ್‌ಎಂಇ ಯೋಜನೆಯಲ್ಲಿ ಅರ್ಹ ವೆಚ್ಚದ ಶೇ. 35ರಷ್ಟು, ಗರಿಷ್ಠ 10 ಲಕ್ಷ ರೂ. ಸಹಾಯಧನವಿದೆ. ಕನಿಷ್ಠ ಶೇ. 10ರಷ್ಟು ಸ್ವಂತ ಹಣ ಹಾಕಬೇಕು. ಜಮೀನಿನ ಬೆಲೆ ಲೆಕ್ಕಕ್ಕೆ ಬಾರದು. ಮಹಾರಾಷ್ಟ್ರದಲ್ಲಿ ಇದು ಕೃಷಿ ಇಲಾಖೆಯ ಮೂಲಕ ನಡೆದಿದೆ. ಯೋಜನೆಯ ಅವಧಿ 2025-26ರವರೆಗೆ ಇದ್ದುದರಿಂದ ಈಗ ಅರ್ಜಿ ಹಾಕುವವರು ಮೊದಲು ಜಿಲ್ಲಾ ಕಚೇರಿಯಲ್ಲಿ ವಿಚಾರಿಸಬೇಕು. ಮಂಜೂರಾದ ಸಹಾಯಧನವೂ ಕೂಡಲೇ ಕೈಗೆ ಸಿಗುವುದಿಲ್ಲ. ಅದು ಬ್ಯಾಂಕಿನಲ್ಲಿ ಬೇರೆ ಖಾತೆಯಲ್ಲಿದ್ದು, 3 ವರ್ಷ ಘಟಕ ನಡೆದು ಖಾತೆ ಸರಿಯಾಗಿದ್ದರೆ ಮಾತ್ರ ಸಾಲಕ್ಕೆ ಜಮೆಯಾಗುತ್ತದೆ.

ಕಂತಿಗೆ ಎಷ್ಟು ಹಿಟ್ಟು?

ಒಂದು ಉದಾಹರಣೆ ನೋಡೋಣ. 20 ಲಕ್ಷ ರೂ. ಸಾಲ, ಶೇ. 11 ಬಡ್ಡಿ, 5 ವರ್ಷ ಎಂದಾದರೆ ತಿಂಗಳ ಕಂತು ಸುಮಾರು 43,500 ರೂ. ತಿಂಗಳಿಗೆ 26 ದಿನ ಕೆಲಸವೆಂದರೆ ದಿನಕ್ಕೆ ಸುಮಾರು 1,675 ರೂ. ಅಕ್ಕಿ, ಉದ್ದು, ಕೂಲಿ, ವಿದ್ಯುತ್, ಬಾಡಿಗೆ, ಸಾಗಾಟ ಎಲ್ಲ ಕಳೆದು ಕಿಲೋ ಹಿಟ್ಟಿಗೆ 12 ರೂ. ಉಳಿದರೆ, ಕಂತು ಕಟ್ಟಲೆಂದೇ ದಿನಕ್ಕೆ 140 ಕಿಲೋ ಹಿಟ್ಟು ಮಾರಾಟವಾಗಬೇಕು. ಮನೆಗೆ ಬರುವ ಲಾಭ ಅದರ ಮೇಲಿನದು.

ನಾಗಪುರದ ಮೇ ತಿಂಗಳ ಬಿಸಿಲು 45 ಡಿಗ್ರಿಗೆ ಏರಿದಾಗ ಹಿಟ್ಟು ಬೇಗ ಹುಳಿಯುತ್ತದೆ, ಅಂಗಡಿಯಿಂದ ವಾಪಸು ಬರುತ್ತದೆ, ಕೋಲ್ಡ್ ರೂಮಿನ ವಿದ್ಯುತ್ ಬಿಲ್ ಏರುತ್ತದೆ. ಆದ್ದರಿಂದ ಡಿಸೆಂಬರಿನ ಮಾರಾಟ ನೋಡಿ ಸಾಲದ ಮೊತ್ತ ಗೊತ್ತುಮಾಡಬೇಡಿ. ಬೇಸಿಗೆಯ ಮಾರಾಟದಲ್ಲೂ ಕಟ್ಟಬಲ್ಲ ಕಂತೇ ನಮಗೆ ಸರಿಯಾದ ಕಂತು. ಬಹುದಿನ ಕೆಡದ ಪುಡಿಗಳನ್ನೂ ಜೊತೆಗೆ ಇಟ್ಟುಕೊಂಡರೆ ಭಾರ ಹಗುರಾದೀತು.

ಗಲ್ಲಾ ಬೇರೆ ಇರಲಿ

ಹೋಟೆಲಿನ ಗಲ್ಲಾಪೆಟ್ಟಿಗೆಯಿಂದ ಕಾರ್ಖಾನೆಗೆ, ಕಾರ್ಖಾನೆಯ ಹಣದಿಂದ ಹೋಟೆಲಿನ ದಿನಸಿಗೆ ಎಂದು ಬೆರೆಸಿದರೆ ಯಾವುದು ಲಾಭ, ಯಾವುದು ನಷ್ಟ ಎಂದು ತಿಳಿಯುವುದಿಲ್ಲ. ಶೇ. 5 ಜಿಎಸ್‌ಟಿ ಕಟ್ಟುವ ರೆಸ್ಟೋರೆಂಟಿಗೆ ಖರೀದಿಯ ಮೇಲಿನ ತೆರಿಗೆಯನ್ನು ವಜಾ ಮಾಡಿಕೊಳ್ಳುವ ಅವಕಾಶವಿಲ್ಲ. ತೆರಿಗೆ ಇರುವ ಸರಕು ತಯಾರಿಸುವ ಘಟಕಕ್ಕೆ ಅದಿದೆ. ಲೆಕ್ಕ ಬೆರೆತರೆ ಯಂತ್ರದ ಮೇಲೆ ಕಟ್ಟಿದ ತೆರಿಗೆಯ ಲಾಭವೂ ಗೊಂದಲಕ್ಕೆ ಬೀಳುತ್ತದೆ. ಯಂತ್ರಕ್ಕೆ ಅವಧಿ ಸಾಲ, ಅಕ್ಕಿ-ಉದ್ದಿಗೆ ಕ್ಯಾಶ್ ಕ್ರೆಡಿಟ್ ಎಂದು ಎರಡನ್ನೂ ಆರಂಭದಲ್ಲೇ ಕೇಳಬೇಕು. ಸಾಲವೆಲ್ಲ ಯಂತ್ರಕ್ಕೇ ಮುಗಿದು, ಉದ್ದು ತರಲು ಕೈಸಾಲ ಮಾಡುವ ಸ್ಥಿತಿ ಬರಬಾರದು.

ಬ್ಯಾಂಕಿಗೆ ಹೋಗುವಾಗ ಉದ್ಯಮ್ ನೋಂದಣಿ, ತಯಾರಿಕೆಯ ಆಹಾರ ಪರವಾನಗಿ, ಯಂತ್ರಗಳ ಕೊಟೇಶನ್, 12 ತಿಂಗಳ ಜಿಎಸ್‌ಟಿ ರಿಟರ್ನ್, ಅಂಗಡಿಗಳ ಆರ್ಡರ್ ಪತ್ರ ಜೊತೆಗಿರಲಿ. "ಸಿಜಿಟಿಎಂಎಸ್‌ಇ ಖಾತರಿಯಡಿ ಸಾಲ ಬೇಕು" ಎಂದು ಅರ್ಜಿಯಲ್ಲೇ ಬರೆದು ಕೊಡಿ. ಮ್ಯಾನೇಜರ್ ಮನೆಪತ್ರ ಕೇಳಿದರೆ ಕಾರಣ ಕೇಳುವ ಹಕ್ಕು ನಮಗಿದೆ. ಊರಿನ ತೋಟ ಅಡಮಾನದಿಂದ ಉಳಿದರೆ ಅದೂ ಈ ವ್ಯಾಪಾರದ ಲಾಭವೇ.