ಆನಂದಪುರದ ಪಾಠ, ಮಡಿಕೇರಿಯ ಪಾಠ

ನೆಲ್ಯಹುದಿಕೇರಿಯಲ್ಲಿ ಕಾವೇರಿ ಸೇತುವೆ ದಾಟಿದರೆ ಸಿದ್ದಾಪುರ. ಅಲ್ಲಿಂದ ಅಮ್ಮತ್ತಿಯ ದಾರಿ ಹಿಡಿದರೆ ಕಾಫಿ ತೋಟಗಳ ನಡುವೆ ಆನಂದಪುರ ಸಿಗುತ್ತದೆ. ಈಗ ಆನಂದಪುರದ ಹೆಸರು ಪತ್ರಿಕೆಯಲ್ಲಿ ಬರುವುದು ಹೆಚ್ಚಾಗಿ ಕಾಡಾನೆ ತೋಟಕ್ಕೆ ನುಗ್ಗಿದಾಗ. ಕೊಡಗಿನಲ್ಲಿ ಚರ್ಚ್ ಶಾಲೆ ಬೇರು ಬಿಟ್ಟ ಬಗೆ ತಿಳಿಯಬೇಕಾದರೆ ಮಾತ್ರ ಈ ಊರನ್ನು ಬಿಟ್ಟು ಮುಂದೆ ಹೋಗುವಂತಿಲ್ಲ.

ಕೊಡಗು ಬ್ರಿಟಿಷರ ಕೈಗೆ ಹೋದದ್ದು 1834ರ ಏಪ್ರಿಲ್‌ನಲ್ಲಿ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಮೊದಲ ಪಾದ್ರಿಗಳು ಮಂಗಳೂರಿಗೆ ಬಂದಿಳಿದದ್ದು ಅದೇ ವರ್ಷದ ಅಕ್ಟೋಬರಿನಲ್ಲಿ. ಮಿಷನ್ನಿನವರು ಘಟ್ಟ ಹತ್ತಿ ಕೊಡಗಿಗೆ ಬರಲು ಮತ್ತೆ ಹತ್ತೊಂಬತ್ತು ವರ್ಷ ಹಿಡಿಯಿತು. 1853ರಲ್ಲಿ ಬಂದವರು ಹರ್ಮನ್ ಮೊಗ್ಲಿಂಗ್. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು 1843ರಲ್ಲಿ ಹೊರಡಿಸಿದ ಅದೇ ಮೊಗ್ಲಿಂಗ್. ಆರೋಗ್ಯ ಕೆಟ್ಟು ಊರಿಗೆ ಮರಳುವ ಯೋಚನೆಯಲ್ಲಿದ್ದ ಈ ಮನುಷ್ಯ ಕೊಡಗಿನತ್ತ ತಿರುಗಿದ್ದು, ಆಲ್ಮಂಡ ಮನೆತನದ ಸೋಮಯ್ಯ ಎಂಬ ಕೊಡವ ಮಂಗಳೂರಿಗೆ ಬಂದು ದೀಕ್ಷಾಸ್ನಾನ ಕೇಳಿದ ಮೇಲೆ. ಸೋಮಯ್ಯ ಸ್ಟೆಫಾನಸ್ ಆದರು. ಅವರ ಹಿಂದೆಯೇ ಮೊಗ್ಲಿಂಗ್ ಕೊಡಗಿಗೆ ಬಂದರು.

ಆದರೆ ಕೊಡವರಲ್ಲಿ ಸೋಮಯ್ಯನವರ ದಾರಿ ಹಿಡಿದವರು ತೀರಾ ಕಡಿಮೆ. ಮಿಷನ್ನಿಗೆ ಓಗೊಟ್ಟವರು ಗದ್ದೆಗಳಲ್ಲಿ ತಲೆಮಾರುಗಳಿಂದ ಜೀತಕ್ಕೆ ದುಡಿಯುತ್ತಿದ್ದ ದಲಿತ ಕುಟುಂಬಗಳು. ಗುಲಾಮಗಿರಿಗೆ ಕಾನೂನಿನ ಮಾನ್ಯತೆ 1843ರಲ್ಲೇ ಹೋಗಿತ್ತು. ಹಾಗಂತ ಗದ್ದೆಯ ಬದಿಯಲ್ಲಿ ನಿಂತ ಆಳಿಗೆ ಅದು ಗೊತ್ತಾಗಬೇಕಲ್ಲ! ಗೊತ್ತಾದರೂ ಒಡೆಯನ ಜಾಗ ಬಿಟ್ಟರೆ ಸೂರು ಹಾಕಲು ಬೇರೆ ಜಾಗವಿರಲಿಲ್ಲ. ಅಂಥ ಜಾಗ ಸಿಕ್ಕಿದ್ದು ಆನಂದಪುರದಲ್ಲಿ. 1850ರ ದಶಕದ ಕೊನೆಯ ಹೊತ್ತಿಗೆ ಇಲ್ಲಿ ಹೊಸ ಕ್ರೈಸ್ತರ ಒಂದು ವಸಾಹತು ಕಟ್ಟಿಕೊಂಡಿತು. ಅದರ ಜೊತೆಗೆ ಕೇಳಿಬರುವ ಇನ್ನೊಂದು ಹೆಸರು ಆನಂದರಾವ್ ಕೌಂಡಿನ್ಯ. ಮಂಗಳೂರಿನ ಸಾರಸ್ವತ ಮನೆತನದ ಹುಡುಗ, 1844ರಲ್ಲಿ ಕ್ರೈಸ್ತನಾಗಿ, ಬಾಸೆಲ್‌ಗೆ ಹೋಗಿ ಓದಿ, ಪಾದ್ರಿಯಾಗಿ ಮರಳಿದವರು. ಬ್ರಾಹ್ಮಣ ಮನೆತನದಿಂದ ಬಂದ ಪಾದ್ರಿ, ಜೀತ ಬಿಟ್ಟು ಬಂದ ಸಭಿಕರು: ಅಂದಿನ ಕೊಡಗಿನಲ್ಲಿ ಇದು ಸಣ್ಣ ಸಂಗತಿಯಲ್ಲ.

ಬಾಸೆಲ್‌ನವರ ಪದ್ಧತಿಯಲ್ಲಿ ಚರ್ಚ್ ಎದ್ದ ಕಡೆ ಶಾಲೆ ಇರಲೇಬೇಕು. ಅದಕ್ಕೆ ಕಾರಣ ಸರಳ. ಅವರ ಮತದಲ್ಲಿ ಪ್ರತಿಯೊಬ್ಬರೂ ಬೈಬಲನ್ನು ತಾವೇ ಓದಬೇಕು. ಓದು ಬಾರದವರ ಭಕ್ತಿ ಅರ್ಧಂಬರ್ಧ ಎಂದು ಅವರ ನಂಬಿಕೆ. ಓದಲು ಪುಸ್ತಕ ಬೇಕು, ಪುಸ್ತಕಕ್ಕೆ ಅಚ್ಚುಕೂಟ ಬೇಕು. ಹಾಗಾಗಿ 1841ರಲ್ಲಿ ಮಂಗಳೂರಿನಲ್ಲಿ ಅಚ್ಚುಕೂಟ ಶುರುವಾಯಿತು, ಅಲ್ಲಿಂದ ಕನ್ನಡ ಪಠ್ಯಗಳು, ವ್ಯಾಕರಣ, ಶಾಲಾ ನಿಘಂಟುಗಳು ಹೊರಬಂದವು. ಬಾಸೆಲ್ ಪಾದ್ರಿ ಕಿಟೆಲ್ ಕೂಡ ಕೆಲಕಾಲ ಮಡಿಕೇರಿಯಲ್ಲಿದ್ದವರೇ. ಕೊಡಗಿನ ನಂಬಿಕೆಗಳ ಬಗ್ಗೆ 1873ರಲ್ಲಿ ಅವರು ಬರೆದ ಲೇಖನ ‘ಇಂಡಿಯನ್ ಆಂಟಿಕ್ವರಿ’ಯಲ್ಲಿದೆ. ಅವರ 1894ರ ದೊಡ್ಡ ಕನ್ನಡ ನಿಘಂಟು ಬಂದದ್ದು ಇದೇ ಶಾಲೆ-ಅಚ್ಚುಕೂಟಗಳ ನಂಟಿನಿಂದ. ಪಾದ್ರಿಗಳ ಮೂಲ ಉದ್ದೇಶ ಏನೇ ಇರಲಿ, ಕನ್ನಡಕ್ಕೆ ಸಿಕ್ಕ ಲಾಭ ದೊಡ್ಡದು.

ಇತ್ತ ಮಡಿಕೇರಿಯಲ್ಲಿ ಬೇರೆಯೇ ವ್ಯಾಪಾರ ನಡೆಯಿತು. ಕೊಡವ ಹಿರಿಯರಿಗೆ ಪಾದ್ರಿಯ ಧರ್ಮ ಬೇಡ, ಪಾದ್ರಿಯ ಇಂಗ್ಲಿಷ್ ಬೇಕು. ಬಾಸೆಲ್‌ನಿಂದ ಬಂದ ಪಾದ್ರಿ ಜಿ. ರಿಕ್ಟರ್ ಮಡಿಕೇರಿಯ ಸರ್ಕಾರಿ ಸೆಂಟ್ರಲ್ ಶಾಲೆಯ ಪ್ರಿನ್ಸಿಪಾಲರಾದರು. ಕೊಡಗಿನ ನೆಲ-ಜನರ ಬಗ್ಗೆ 1870ರಲ್ಲಿ ಅವರು ಬರೆದ ‘ಮ್ಯಾನ್ಯುಯಲ್ ಆಫ್ ಕೂರ್ಗ್’ ಅಚ್ಚಾದದ್ದೂ ಮಂಗಳೂರಿನ ಮಿಷನ್ ಪ್ರೆಸ್ಸಿನಲ್ಲೇ. ಪಾದ್ರಿ ಪಾಠ ಹೇಳಿದ ಈ ಶಾಲೆಯಿಂದ ಹೊರಬಂದವರು ಗುಮಾಸ್ತರಾದರು, ವಕೀಲರಾದರು, ಸೈನ್ಯಾಧಿಕಾರಿಗಳಾದರು, ಕ್ರೈಸ್ತರಾಗಲಿಲ್ಲ. ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಓದಿದ್ದು ಇಲ್ಲೇ. ‘ಹುತ್ತರಿ ಹಾಡು’ ಬರೆದ ಪಂಜೆ ಮಂಗೇಶರಾಯರು ಇಲ್ಲೇ ಮುಖ್ಯೋಪಾಧ್ಯಾಯರಾಗಿದ್ದರು. ಪಂಜೆಯವರ ‘ಕನ್ನಡ ಪದ್ಯ ಪುಸ್ತಕ’ ಮುದ್ರಿಸಿದ್ದು ಯಾರೆಂದು ಕೇಳಿದರೆ ಉತ್ತರ ಮತ್ತೆ ಬಾಸೆಲ್ ಮಿಷನ್!

ಅಂದರೆ ಒಂದೇ ಮಿಷನ್ನಿನ ನೆರಳಲ್ಲಿ ಎರಡು ಪಾಠ ನಡೆದವು. ಆನಂದಪುರದವರು ಧರ್ಮವನ್ನೂ ಅಕ್ಷರವನ್ನೂ ಜೊತೆಗೇ ತೆಗೆದುಕೊಂಡರು, ಏಕೆಂದರೆ ಅವರಿಗೆ ಬಿಡುಗಡೆ ಸಿಕ್ಕದ್ದು ಎರಡರಿಂದಲೂ. ಮಡಿಕೇರಿಯವರು ಅಕ್ಷರ ಮಾತ್ರ ಆರಿಸಿಕೊಂಡರು. ಪೋಷಕರ ಲೆಕ್ಕ ಪಾದ್ರಿಗಳ ಲೆಕ್ಕಕ್ಕಿಂತ ಚುರುಕಾಗಿತ್ತು ಎಂದು ನನಗನ್ನಿಸುತ್ತದೆ.

ಇದೇ ಮಡಿಕೇರಿಯಲ್ಲಿ ಆಳುವವರ ಆಂಗ್ಲಿಕನ್ ಚರ್ಚೂ ಇತ್ತು. ಕೋಟೆಯೊಳಗಿದ್ದ ವೀರಭದ್ರ ದೇವಸ್ಥಾನವನ್ನು ಕೆಡವಿ 1855ರಲ್ಲಿ ಕಟ್ಟಿದ ಸೇಂಟ್ ಮಾರ್ಕ್ಸ್. ಬ್ರಿಟಿಷ್ ಅಧಿಕಾರಿಗಳೂ ಅವರ ಕುಟುಂಬದವರೂ ಭಾನುವಾರ ಅಲ್ಲಿ ಕೂರುತ್ತಿದ್ದರು. ಅವರು ಹೋದ ಮೇಲೆ ಅದಕ್ಕೆ ಸಭಿಕರಿಲ್ಲ. 1971ರಿಂದ ಅದು ಸರ್ಕಾರಿ ವಸ್ತುಸಂಗ್ರಹಾಲಯ. ಪ್ರವಾಸಿಗರು ಒಳಗೆ ಹೋಗಿ ಜೈನ ಶಿಲ್ಪ, ಹಳೆಯ ಆಯುಧ ನೋಡಿ ಬರುತ್ತಾರೆ. ಊರಿನ ಮಕ್ಕಳಿಗೆ ಬಾಗಿಲು ತೆರೆದ ಚರ್ಚುಗಳಿಗೆ ಈ ಗತಿ ಬರಲಿಲ್ಲ. ಕ್ಯಾಥೊಲಿಕರದೂ ಇದೇ ಕಥೆ. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದವರಿಗೆ ದೊಡ್ಡವೀರರಾಜೇಂದ್ರ ಜಾಗ ಕೊಟ್ಟದ್ದರಿಂದ 1792ರಲ್ಲಿ ಎದ್ದ ವೀರಾಜಪೇಟೆಯ ಸಂತ ಅನ್ನಮ್ಮ ಚರ್ಚಿನ ಬಗಲಲ್ಲೂ, ಮಡಿಕೇರಿಯ ಸಂತ ಮೈಕಲರ ಚರ್ಚಿನ ಬಗಲಲ್ಲೂ ಇಂದಿಗೂ ಶಾಲೆಯ ಗದ್ದಲವಿದೆ.

ಆಂಗ್ಲಿಕನ್ನರ ದೊಡ್ಡ ಶಾಲೆ ಬೇಕೆಂದ ಕೊಡಗಿನವರು ಬೆಂಗಳೂರಿಗೇ ಹೋಗಬೇಕಾಗಿತ್ತು. ಪಾದ್ರಿ ಸ್ಯಾಮ್ಯುಯಲ್ ಪೆಟಿಗ್ರ್ಯೂ 1865ರಲ್ಲಿ ಶುರುಮಾಡಿದ ಬಿಷಪ್ ಕಾಟನ್ ಶಾಲೆ ಅದು. ತಿರುಕ್ಕುರಳನ್ನು ಇಂಗ್ಲಿಷಿಗೆ ತಂದ ಜಿ. ಯು. ಪೋಪ್ ಅಲ್ಲಿ ಹೆಡ್‌ಮಾಸ್ಟರ್ ಆಗಿದ್ದರು. ಮಡಿಕೇರಿಯ ಜನರಲ್ ತಿಮ್ಮಯ್ಯ ಮೊದಲು ಕೂನೂರಿನ ಕಾನ್ವೆಂಟಿನಲ್ಲಿ, ಆಮೇಲೆ ಈ ಶಾಲೆಯಲ್ಲಿ ಓದಿದರು.

1914ರಲ್ಲಿ ಮಹಾಯುದ್ಧ ಶುರುವಾದಾಗ ಬಾಸೆಲ್ ಮಿಷನ್ನಿನಲ್ಲಿದ್ದ ಜರ್ಮನ್ ಪಾದ್ರಿಗಳು ಒಮ್ಮೆಲೇ ಶತ್ರುದೇಶದವರಾದರು. ಅವರನ್ನು ಶಿಬಿರಗಳಲ್ಲಿ ಕೂಡಿಹಾಕಿ, ಆಮೇಲೆ ದೇಶದಿಂದಾಚೆ ಕಳಿಸಿದರು. ಶಾಲೆಗಳು ಉಳಿದದ್ದು ಸ್ಥಳೀಯ ಉಪಾಧ್ಯಾಯರ ದೆಸೆಯಿಂದ. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್‌ಐ, ಹುಟ್ಟಿದಾಗ ಮಂಗಳೂರು ಕಡೆಯ ಬಾಸೆಲ್ ಸಭೆಗಳೂ ಅದರಲ್ಲಿ ಸೇರಿದವು. ಬಾಸೆಲ್‌ನವರಲ್ಲಿ ಬಿಷಪ್ ಎಂಬ ಪದವಿಯೇ ಇರಲಿಲ್ಲ. ಈ ಸಭೆಗಳಿಗೆ ಬಿಷಪ್ ಬಂದದ್ದು ಹೀಗೆ, ಒಂದು ಶತಮಾನದ ಮೇಲೆ. 1970ರಲ್ಲಿ ಸಿಎಸ್‌ಐನ ಮೈಸೂರು ಸಭಾಪ್ರಾಂತ ಮೂರಾಗಿ ಒಡೆಯಿತು. ಕೊಡಗು ಈಗ ಮಂಗಳೂರು ಕೇಂದ್ರದ ಕರ್ನಾಟಕ ದಕ್ಷಿಣ ಸಭಾಪ್ರಾಂತಕ್ಕೆ ಸೇರಿದೆ.

ಸಿಎಸ್‌ಐ ಶಾಲೆ ನಡೆಯುವ ಬಗೆ ಹೊರಗಿನವರಿಗೆ ಸ್ವಲ್ಪ ಗೋಜಲು. ಮಾಲೀಕತ್ವ ಸಭಾಪ್ರಾಂತದ್ದು, ತಲೆಯಲ್ಲಿ ಬಿಷಪ್. ಊರಿನ ಮಟ್ಟದಲ್ಲಿ ಕಾಗದಪತ್ರಕ್ಕೆ ಸಹಿ ಹಾಕುವವರು ಸಂಚಾಲಕರು. ಸಾಮಾನ್ಯವಾಗಿ ಅವರು ಆ ಚರ್ಚಿನ ಸಭಾಪಾಲಕರೇ. ಪಾಠ, ಪರೀಕ್ಷೆ, ಶಿಸ್ತು ಮುಖ್ಯೋಪಾಧ್ಯಾಯರ ಪಾಲು. ಸಭಾಪಾಲಕರಿಗೆ ಕೆಲವು ವರ್ಷಕ್ಕೊಮ್ಮೆ ವರ್ಗ. ಮುಖ್ಯೋಪಾಧ್ಯಾಯರು ಅಲ್ಲೇ ಉಳಿಯುತ್ತಾರೆ. ಹೀಗಾಗಿ ಶಾಲೆಯ ನೆನಪು ಯಾವಾಗಲೂ ಹೆಡ್‌ಮಾಸ್ಟರರ ಕೋಣೆಯಲ್ಲಿ.

ದುಡ್ಡಿನ ವಿಷಯಕ್ಕೆ ಬಂದರೆ ಶಾಲೆಗಳಲ್ಲಿ ಎರಡು ಜಾತಿ. ಅನುದಾನಿತ ಶಾಲೆಯ ಉಪಾಧ್ಯಾಯರಿಗೆ ಸಂಬಳ ಸರ್ಕಾರದ್ದು, ಮಕ್ಕಳಿಗೆ ಅಕ್ಷರ ದಾಸೋಹದ ಊಟವಿದೆ. ಈ ಏರ್ಪಾಡಿನ ಬೇರು 1854ರ ವುಡ್ ಸಾಹೇಬರ ಶಿಕ್ಷಣ ಆದೇಶದಲ್ಲಿದೆ; ಖಾಸಗಿ ಶಾಲೆಗೆ ಸರ್ಕಾರದ ಸಹಾಯಧನ ಎಂಬ ಲೆಕ್ಕ ಇಲ್ಲಿ ಬೇರೂರಿದ್ದು ಆಗಲೇ. ಅನುದಾನರಹಿತ ಶಾಲೆಗೆ ಶುಲ್ಕವೇ ಗತಿ. ಅನುದಾನಿತ ಶಾಲೆಯ ಸಂಕಟವೆಂದರೆ ಖಾಲಿ ಹುದ್ದೆ. ಮೇಷ್ಟ್ರು ನಿವೃತ್ತರಾದರೆ ಆ ಜಾಗ ತುಂಬಲು ಅನುಮತಿ ಬರುವುದು ಬಲು ನಿಧಾನ. ಅಲ್ಲಿಯವರೆಗೆ ಆಡಳಿತ ಮಂಡಳಿ ತನ್ನ ಕೈಯಿಂದ ಕೊಟ್ಟು ತಾತ್ಕಾಲಿಕ ಟೀಚರನ್ನು ಇಟ್ಟುಕೊಳ್ಳಬೇಕು.

ಪ್ರಾರ್ಥನೆಯ ಪ್ರಶ್ನೆಯನ್ನು ಪೋಷಕರು ಕೇಳಿಯೇ ಕೇಳುತ್ತಾರೆ. ಸಂವಿಧಾನದ 30ನೇ ವಿಧಿ ಅಲ್ಪಸಂಖ್ಯಾತರಿಗೆ ಶಾಲೆ ನಡೆಸುವ ಹಕ್ಕು ಕೊಟ್ಟಿದೆ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಯಾರನ್ನೂ ಒಪ್ಪಿಗೆಯಿಲ್ಲದೆ ಧಾರ್ಮಿಕ ಬೋಧನೆಗೆ ಕೂರಿಸುವಂತಿಲ್ಲ ಎನ್ನುತ್ತದೆ 28ನೇ ವಿಧಿ. ಎರಡನ್ನೂ ಸರಿದೂಗಿಸಲು ಕಂಡುಕೊಂಡ ದಾರಿ: ಕ್ರೈಸ್ತ ಮಕ್ಕಳಿಗೆ ಬೈಬಲ್ ತರಗತಿ, ಉಳಿದವರಿಗೆ ಅದೇ ಹೊತ್ತಿನಲ್ಲಿ ನೀತಿ ಪಾಠ. 2014ರಲ್ಲಿ ಸುಪ್ರೀಂ ಕೋರ್ಟ್ ಅಲ್ಪಸಂಖ್ಯಾತ ಶಾಲೆಗಳಿಗೆ ಶಿಕ್ಷಣ ಹಕ್ಕು ಕಾಯ್ದೆ ಅನ್ವಯಿಸದು ಎಂದಿತು. ಹಾಗಾಗಿ ಬಡಮಕ್ಕಳಿಗೆಂದು ಕಾಯ್ದೆ ಹೇಳುವ ಶೇ 25 ಸೀಟು ಇಲ್ಲಿ ಕಡ್ಡಾಯವಲ್ಲ. ಜೀತದ ಮಕ್ಕಳಿಗೆ ಅಕ್ಷರ ಕಲಿಸಿ ಶುರುವಾದ ಪರಂಪರೆಗೆ ಈ ವಿನಾಯಿತಿ ಭೂಷಣವೇ? ನನಗೆ ಅನುಮಾನ. ತೋಟ ಕಾರ್ಮಿಕರ ಲೈನ್ ಮನೆಯ ಮಕ್ಕಳಿಗೆ ಸೀಟು ಕೊಡಲು ಕಾನೂನಿನ ಕಡ್ಡಾಯ ಇರಲೇಬೇಕೆಂದೇನೂ ಇಲ್ಲ.

ಕೊಡಗಿನ ಯಾವ ಶಾಲೆಯ ವರ್ಷವೂ ಮಳೆಯ ಅಂಕೆಯಲ್ಲಿದೆ. ಜುಲೈ-ಆಗಸ್ಟಿನಲ್ಲಿ ಜಿಲ್ಲಾಧಿಕಾರಿಗಳು ರಜೆ ಘೋಷಿಸಿದಾಗ ಮಕ್ಕಳಿಗೆ ಹಬ್ಬ. ಆಮೇಲೆ ಶನಿವಾರ ಮಧ್ಯಾಹ್ನವೂ ಪಾಠ. 2019ರ ಆಗಸ್ಟಿನಲ್ಲಿ ಕಾವೇರಿ ಉಕ್ಕಿ ನೆಲ್ಯಹುದಿಕೇರಿ, ಕರಡಿಗೋಡು ದಂಡೆಯ ಮನೆಗಳನ್ನು ಕೊಚ್ಚಿಕೊಂಡು ಹೋದಾಗ ಮನೆಯೊಂದಿಗೆ ಪುಸ್ತಕದ ಚೀಲವನ್ನೂ ಕಳೆದುಕೊಂಡ ಮಕ್ಕಳಿದ್ದರು. ಮಳೆ ನಿಂತರೆ ಆನೆಯ ಸರದಿ. ಆನೆ ದಾರಿಗಿಳಿದಿದೆ ಎಂದು ಗೊತ್ತಾದ ಬೆಳಿಗ್ಗೆ ತೋಟದ ಮಕ್ಕಳು ಶಾಲೆಗೆ ತಡವಾದರೆ ಇಲ್ಲಿನ ಯಾವ ಟೀಚರೂ ಗದರುವುದಿಲ್ಲ.

ಹಳೆಯ ದಾಖಲೆ ನೋಡಬೇಕೆನ್ನುವವರಿಗೆ ಮಂಗಳೂರು ಬಲ್ಮಠದ ಕರ್ನಾಟಕ ಥಿಯೊಲಾಜಿಕಲ್ ಕಾಲೇಜಿನ ಪತ್ರಾಗಾರವಿದೆ. ಬಾಸೆಲ್ ಮಿಷನ್ನಿನ ಹಳೆಯ ಫೋಟೊಗಳು ಅಂತರ್ಜಾಲದಲ್ಲೂ ಸಿಗುತ್ತವೆ. ಕೊಡಗಿನ ಹೆಸರು ಹಾಕಿ ಹುಡುಕಿ ನೋಡಬಹುದು.